‘ಆಡೋಣ’ ಎಂದವರು ‘ಸೋತೆವು’ ಎನ್ನಲೂ ಕಲಿಯಬೇಕು

ಈ ಇಂಗ್ಲೆಂಡಿನಲ್ಲಿ ದೊಡ್ಡ ಕಾಲ್ಚೆಂಡಿನ ಪಂದ್ಯವೊಂದು ಹತ್ತಿರ ಬಂದಿತೆಂದರೆ ಊರಿನಲ್ಲಿ ಇರುವವರೆಲ್ಲರೂ ಮ್ಯಾನೇಜರುಗಳೇ. ಹಾಲು ತರಲು ಹೋದ ಅಂಗಡಿಯಲ್ಲಿ, ಆಫೀಸಿನ ಟೀ ಹೊತ್ತಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಮುಂದೆ ಅದೇ ಮಾತು: ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಎದುರಾಳಿಯ ಆ ಒಬ್ಬನನ್ನು ತಡೆಯುವವರು ಯಾರು? ನಮ್ಮ ಸಂಘದ ಮನೆಗಳೂ ಇದಕ್ಕೆ ಹೊರತಲ್ಲ. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಯನ್ನು ಗೋಲ್‌ಕೀಪರ್ ಮಾಡಿ, ಲೋಟ ಬಟ್ಟಲುಗಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ಮೂವರೋ ನಾಲ್ವರೋ ಎಂದು ಮಗಳು ಅಪ್ಪನಿಗೆ ಪಾಠ ಹೇಳುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಇದನ್ನು ಕಂಡು ನಗುವವರೂ ಇದ್ದಾರೆ. ಆಡುವವರು ಬೇರೆ, ಸಂಬಳ ಪಡೆದು ಯೋಚಿಸುವವರು ಬೇರೆ. ಸೋಫಾದ ಮೇಲೆ ಕುಳಿತು ವ್ಯೂಹ ರಚಿಸುವುದೆಂದರೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬಂತಲ್ಲವೇ ಎಂದು ಕೇಳುತ್ತಾರೆ. ಮಾತು ಚೆನ್ನಾಗಿದೆ, ಆದರೆ ಪೂರ್ತಿ ಸರಿಯಲ್ಲ. ಉತ್ತರಕುಮಾರನ ತಪ್ಪು ಯುದ್ಧದ ಬಗ್ಗೆ ಮಾತಾಡಿದ್ದಲ್ಲ. ಎದುರಿಗೆ ಯಾರಿದ್ದಾರೆಂದು ಲೆಕ್ಕ ಹಾಕದೆ ಮಾತಾಡಿದ್ದು. ಅದೇ ಮಹಾಭಾರತದಲ್ಲಿ ಧರ್ಮರಾಯನೂ ಯುದ್ಧಕ್ಕೆ ಮುಂಚೆ ಮಾತಾಡುತ್ತಾನೆ. ಎದುರಿಗೆ ಹನ್ನೊಂದು ಅಕ್ಷೋಹಿಣಿ, ತಮ್ಮಲ್ಲಿ ಏಳೇ ಏಳು. ಚಿಕ್ಕ ಸೇನೆ ದೊಡ್ಡದನ್ನು ಎದುರಿಸುವುದು ಹೇಗೆಂದು ವಿಚಾರ ನಡೆಯುತ್ತದೆ, ಅರ್ಜುನ ವಜ್ರವ್ಯೂಹ ಹೂಡುತ್ತಾನೆ. ಇದು ಒಲೆಯ ಮುಂದಿನ ಪೌರುಷವಲ್ಲ, ವಿವೇಕ.

ಪಂದ್ಯಕ್ಕೆ ಮುಂಚಿನ ವಾದ ಒಳ್ಳೆಯದು, ಅದು ನಡೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಆ ವಾದಕ್ಕೊಂದು ಬೆಲೆಯಿದೆ. ಆ ಬೆಲೆಯನ್ನು ಪಂದ್ಯ ಮುಗಿದ ಮಾರನೆಯ ಬೆಳಿಗ್ಗೆ ತೆರಬೇಕಾಗುತ್ತದೆ. ಅದನ್ನು ತೆರದವರೇ ಹೆಚ್ಚು ಎಂಬುದೇ ಈ ಲೇಖನದ ಕಾರಣ.

ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. 2021ರ ಜೂನ್ 29, ಮಂಗಳವಾರ. ಯೂರೋಪಿಯನ್ ಚಾಂಪಿಯನ್‌ಷಿಪ್ಪಿನ ಹದಿನಾರರ ಸುತ್ತು. ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ ಎದುರಾಳಿ ಜರ್ಮನಿ. ಈ ಹೆಸರು ಕೇಳಿದರೆ ಇಲ್ಲಿನ ಅಭಿಮಾನಿಗಳ ಎದೆ ಏಕೆ ಹೊಡೆದುಕೊಳ್ಳುತ್ತದೆಂದು ಹೊಸದಾಗಿ ಬಂದ ಸದಸ್ಯರಿಗೆ ಹೇಳಬೇಕು. 1966ರ ಜುಲೈ 30ರಂದು ಅದೇ ವೆಂಬ್ಲಿಯಲ್ಲಿ ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಿತು. ಆಮೇಲೆ ಸೋತವರು ಮನೆಗೆ ಹೋಗಬೇಕಾದ ಹಂತದಲ್ಲಿ ಇವರಿಬ್ಬರೂ ಎದುರಾದಾಗಲೆಲ್ಲ ಮನೆಗೆ ಹೋದದ್ದು ಇಂಗ್ಲೆಂಡೇ. 1970ರಲ್ಲಿ ಮೆಕ್ಸಿಕೋದ ಲಿಯೋನ್‌ನಲ್ಲಿ 2-0 ಮುಂದಿದ್ದು 3-2ರಿಂದ ಸೋಲು. 1990ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಪೆನಾಲ್ಟಿ ಒದೆತದಲ್ಲಿ ಸೋಲು. 1996ರಲ್ಲಿ ಸ್ವಂತ ಮನೆಯಂಗಳವಾದ ವೆಂಬ್ಲಿಯಲ್ಲೇ ಮತ್ತೆ ಪೆನಾಲ್ಟಿಯಲ್ಲಿ ಸೋಲು. 2010ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್‌ನಲ್ಲಿ 4-1. ಒಂದು ತಲೆಮಾರಿನ ನೋವಲ್ಲ ಇದು. ಅಜ್ಜನಿಂದ ಮೊಮ್ಮಗನಿಗೆ ಬಂದ ಆಸ್ತಿ.

ಇಂಥ ಪಂದ್ಯದ ಮುನ್ನಾದಿನಗಳಲ್ಲಿ ಎದ್ದ ಪ್ರಶ್ನೆಗಳು ಮುಖ್ಯವಾಗಿ ಮೂರು.

ಮೊದಲನೆಯದು, ಹಿಂದಿನ ಸಾಲಿನಲ್ಲಿ ನಾಲ್ವರೋ ಮೂವರೋ? ಇಂಗ್ಲೆಂಡ್ ಆ ತನಕ ಮೂರು ಪಂದ್ಯಗಳನ್ನು ನಾಲ್ವರನ್ನು ಹಿಂದೆ ನಿಲ್ಲಿಸಿ ಆಡಿತ್ತು, ಒಂದು ಗೋಲನ್ನೂ ಬಿಟ್ಟುಕೊಟ್ಟಿರಲಿಲ್ಲ. ಒಂದು ಪಕ್ಷದವರ ಮಾತು ಇದು: “ಚೆನ್ನಾಗಿ ನಡೆಯುತ್ತಿರುವ ಗಾಡಿಯ ಗಾಲಿ ಬಿಚ್ಚುವುದೇಕೆ? ನಮ್ಮ ಊರು, ನಮ್ಮ ಮೈದಾನ. ಅವರೇ ನಮ್ಮನ್ನು ನೋಡಿ ಬದಲಾಗಲಿ.” ಇನ್ನೊಂದು ಪಕ್ಷದವರು ಹತ್ತು ದಿನ ಹಿಂದಿನ ಪಂದ್ಯವನ್ನು ತೋರಿಸಿದರು. ಜೂನ್ 19ರಂದು ಮ್ಯೂನಿಕ್‌ನಲ್ಲಿ ಜರ್ಮನಿ ಪೋರ್ಚುಗಲ್ಲಿಗೆ ನಾಲ್ಕು ಗೋಲು ಹೊಡೆದಿತ್ತು. ಜರ್ಮನಿ ಹಿಂದೆ ಮೂವರನ್ನು ಬಿಟ್ಟು ಎಡಕ್ಕೆ ರಾಬಿನ್ ಗೋಸೆನ್ಸ್, ಬಲಕ್ಕೆ ಯೋಶುವಾ ಕಿಮ್ಮಿಖ್ ಇಬ್ಬರನ್ನೂ ಅಂಚಿನುದ್ದಕ್ಕೂ ಮುಂದೆ ಓಡಿಸುತ್ತದೆ. ಎದುರಿನ ನಾಲ್ವರು ಚೆಂಡಿದ್ದ ಕಡೆ ಸರಿದರೆ ಆಚೆ ಅಂಚಿನವನು ಒಂಟಿಯಾಗಿ ಉಳಿಯುತ್ತಾನೆ. ಪೋರ್ಚುಗಲ್ ಅನುಭವಿಸಿದ್ದು ಅದನ್ನೇ. ಗೋಸೆನ್ಸ್ ತಾನೇ ಒಂದು ಗೋಲು ಹೊಡೆದ. ಹಾಗಾಗಿ ಹಿಂದೆ ಮೂವರು, ಎರಡು ಅಂಚಿಗೆ ಇಬ್ಬರು. ಅವರ ಒಬ್ಬೊಬ್ಬನಿಗೂ ನಮ್ಮ ಒಬ್ಬೊಬ್ಬ ಎಂದು ಇವರ ವಾದ.

ಎರಡನೆಯದು, ನಾಯಕ ಹ್ಯಾರಿ ಕೇನ್ ಇರಬೇಕೇ? ಆ ಮೂರು ಪಂದ್ಯಗಳಲ್ಲಿ ಇಂಗ್ಲೆಂಡ್ ಹೊಡೆದದ್ದೇ ಎರಡು ಗೋಲು, ಎರಡೂ ರಹೀಮ್ ಸ್ಟರ್ಲಿಂಗರದು. ಕೇನ್ ಒಂದನ್ನೂ ಹೊಡೆದಿರಲಿಲ್ಲ. ಮೂರನೆಯದು, ಜನರ ಕಣ್ಮಣಿಯಾಗಿದ್ದ ಜ್ಯಾಕ್ ಗ್ರೀಲಿಷ್ ಮೊದಲಿನಿಂದ ಆಡಬೇಕೋ ಬೇಡವೋ? ಚೆಂಡು ಕಾಲಿಗೆ ಸಿಕ್ಕರೆ ಎದುರಾಳಿಗಳಿಬ್ಬರು ಮೂವರು ತಾವಾಗಿ ಅವರ ಸುತ್ತ ಸೇರುತ್ತಾರೆ, ಉಳಿದವರಿಗೆ ಜಾಗ ಬಿಡುತ್ತದೆ ಎಂದು ಅಭಿಮಾನಿಗಳ ಹಟ.

ಮಂಗಳವಾರ ಸಂಜೆ ಮ್ಯಾನೇಜರ್ ಗ್ಯಾರೆತ್ ಸೌತ್‌ಗೇಟ್ ಹನ್ನೊಂದು ಹೆಸರು ಹೊರಬಿಟ್ಟಾಗ ಹಿಂದೆ ಮೂವರಿದ್ದರು, ಅಂಚಿನಲ್ಲಿ ಟ್ರಿಪ್ಪಿಯರ್ ಮತ್ತು ಲೂಕ್ ಶಾ ಇದ್ದರು, ಕೇನ್ ಇದ್ದರು, ಗ್ರೀಲಿಷ್ ಬದಲಿಗೆ ಹತ್ತೊಂಬತ್ತರ ಹುಡುಗ ಬುಕಾಯೋ ಸಾಕಾ ಇದ್ದರು. ಅನೇಕರು ಮುಖ ಸಿಂಡರಿಸಿದರು. ಹೆದರಿ ಆಡುವ ಆಟವಿದು ಎಂದರು.

ಆಮೇಲೆ ನಡೆದದ್ದು ಎಲ್ಲರಿಗೂ ತಿಳಿದದ್ದೇ. ಗೋಸೆನ್ಸ್, ಕಿಮ್ಮಿಖ್ ಇಬ್ಬರಿಗೂ ಪೋರ್ಚುಗಲ್ ಕೊಟ್ಟ ಜಾಗ ಇಲ್ಲಿ ಸಿಕ್ಕಲಿಲ್ಲ. ಆದರೆ ಇಂಗ್ಲೆಂಡಿಗೂ ಗೋಲಿಲ್ಲ. 69ನೇ ನಿಮಿಷದಲ್ಲಿ ಸಾಕಾ ಹೊರಗೆ, ಗ್ರೀಲಿಷ್ ಒಳಗೆ. 75ನೇ ನಿಮಿಷ: ಗ್ರೀಲಿಷ್ ಚೆಂಡನ್ನು ಎಡ ಅಂಚಿನ ಶಾಗೆ ಸರಿಸಿದರು, ಶಾ ಒಳಗೆ ಕೊಟ್ಟರು, ಸ್ಟರ್ಲಿಂಗ್ ಗೋಲು. 86ನೇ ನಿಮಿಷ: ಗ್ರೀಲಿಷ್ ಎಡದಿಂದ ಎತ್ತಿಕೊಟ್ಟ ಚೆಂಡಿಗೆ ಕೇನ್ ತಲೆ ಕೊಟ್ಟರು. 2-0. ಐವತ್ತೈದು ವರ್ಷದ ಭಾರ ಇಳಿಯಿತು.

ಹಾಗಾದರೆ ವಾದದಲ್ಲಿ ಗೆದ್ದವರು ಯಾರು? ಮೂವರೇ ಸರಿ ಎಂದವರೇ? ಹೌದು, ಅಂಚುಗಳು ಮುಚ್ಚಿದ್ದರಿಂದಲೇ ಪಂದ್ಯ ಅಷ್ಟು ಹೊತ್ತು ಕೈಯಲ್ಲಿ ಉಳಿಯಿತು. ಗ್ರೀಲಿಷ್ ಬೇಕು ಎಂದವರೇ? ಅದೂ ಹೌದು, ಎರಡೂ ಗೋಲಿನಲ್ಲಿ ಅವರ ಕಾಲಿದೆ. ಆದರೆ ದಣಿದ ಜರ್ಮನಿಯ ಎದುರು ಇಪ್ಪತ್ತು ನಿಮಿಷದಲ್ಲಿ ಆದದ್ದು ಮೊದಲ ನಿಮಿಷದಿಂದಲೂ ಆಗುತ್ತಿತ್ತೆಂದು ಹೇಳಬಲ್ಲವರು ಯಾರು? ಕೇನರನ್ನು ಕೂರಿಸಿ ಎಂದವರಂತೂ ಅಂದು ರಾತ್ರಿ ಎಲ್ಲರಿಗಿಂತ ಜೋರಾಗಿ ಕುಣಿದರು. ಪ್ರತಿಯೊಬ್ಬರ ವಾದದಲ್ಲೂ ಅರ್ಧ ಸತ್ಯವಿತ್ತು.

ಇನ್ನೊಂದು ಗಳಿಗೆಯನ್ನು ಮರೆಯಬಾರದು. 1-0 ಇದ್ದಾಗ, 81ನೇ ನಿಮಿಷದಲ್ಲಿ ಸ್ಟರ್ಲಿಂಗ್ ಕಾಲಿನಿಂದ ತಪ್ಪಿದ ಚೆಂಡು ಜರ್ಮನಿಗೆ ಸಿಕ್ಕಿ, ಥಾಮಸ್ ಮ್ಯೂಲರ್ ಒಬ್ಬರೇ ಗೋಲಿನತ್ತ ಓಡಿ ಒದ್ದರು. ಚೆಂಡು ಕಂಬದ ಪಕ್ಕದಲ್ಲಿ ಹೊರಗೆ ಹೋಯಿತು. ಸ್ಟರ್ಲಿಂಗ್ ಮೊಣಕಾಲೂರಿ ಕುಸಿದರು. ಆ ಚೆಂಡು ಒಂದಿಷ್ಟು ಒಳಕ್ಕೆ ಹೋಗಿದ್ದರೆ ವೀರನೆನಿಸಿಕೊಂಡವನೇ ಮಾರನೆಯ ದಿನ ಅಪರಾಧಿ. ಜಾಣ ವ್ಯೂಹವೆನಿಸಿಕೊಂಡದ್ದೇ ಹೇಡಿಯ ವ್ಯೂಹ. ನಮ್ಮ ತೀರ್ಪುಗಳೆಲ್ಲ ನಿಂತಿರುವುದು ಇಂಥ ಒಂದಿಷ್ಟು ಅಂತರದ ಮೇಲೆ.

ಬಲ್ಲವರು ಕೇಳಬಹುದು: ಎದುರಾಳಿಯನ್ನು ನೋಡಿ ಬದಲಾಗುವುದೇ ಸರಿಯಾದ ನೀತಿ ಎಂದಾಯಿತಲ್ಲವೇ? ಹಾಗೇನೂ ಇಲ್ಲ. ಮರುವರ್ಷವೇ ಅದಕ್ಕೆ ಉತ್ತರ ಸಿಕ್ಕಿತು. 2022ರ ಮಹಿಳೆಯರ ಯೂರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಸರೀನಾ ವೀಗ್‌ಮನ್ ಆರಕ್ಕೆ ಆರೂ ಪಂದ್ಯಗಳನ್ನು ಅದೇ ಹನ್ನೊಂದು ಮಂದಿಯಿಂದ ಶುರು ಮಾಡಿಸಿದರು. ನಡುವೆ ಒಳಗೆ ಬಂದು ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ ಅಲೆಸ್ಸಿಯಾ ರುಸ್ಸೋರನ್ನು ಎಲೆನ್ ವೈಟ್ ಜಾಗದಲ್ಲಿ ಮೊದಲಿನಿಂದಲೇ ಆಡಿಸಿ ಎಂದು ಎಷ್ಟು ಮಂದಿ ಒತ್ತಾಯಿಸಿದರೂ ಅವರು ಕದಲಲಿಲ್ಲ. ಜುಲೈ 31ರ ಫೈನಲ್, ಮತ್ತೆ ವೆಂಬ್ಲಿ, ಮತ್ತೆ ಜರ್ಮನಿ, 87,192 ಪ್ರೇಕ್ಷಕರು. ಜರ್ಮನಿಯ ನಾಯಕಿ ಅಲೆಕ್ಸಾಂಡ್ರಾ ಪಾಪ್ ಆ ತನಕ ಆರು ಗೋಲು ಹೊಡೆದಿದ್ದರು. ಅವರನ್ನು ತಡೆಯುವುದು ಹೇಗೆಂಬುದೇ ದೊಡ್ಡ ಚರ್ಚೆಯಾಗಿತ್ತು. ಅವರು ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲೇ ನೋವಾಗಿ ಆಡಲಿಲ್ಲ. ಅಷ್ಟೂ ಚರ್ಚೆ ನೀರಿನಲ್ಲಿ ಹೋಮ. ಕಡೆಗೆ ಗೋಲು ಹೊಡೆದು 2-1ರಿಂದ ಗೆಲ್ಲಿಸಿದವರು ಎಲ್ಲಾ ಟೂನ್ ಮತ್ತು ಕ್ಲೋಯಿ ಕೆಲ್ಲಿ. ಇಬ್ಬರೂ ನಡುವೆ ಒಳಗೆ ಬಂದವರು. ಒಬ್ಬರು ಎದುರಾಳಿಗಾಗಿ ಬದಲಾಗಿ ಗೆದ್ದರು, ಇನ್ನೊಬ್ಬರು ಬದಲಾಗದೆ ಗೆದ್ದರು. ಸೂತ್ರವೆಂಬುದು ಇಲ್ಲಿ ಇಲ್ಲ. ಆ ದಿನದ ವಿವೇಕ ಮಾತ್ರ ಉಂಟು. ಅದಕ್ಕೇ ವಾದಕ್ಕೆ ಇಷ್ಟೊಂದು ರುಚಿ.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಈ ವಾದಗಳಲ್ಲಿ ಬಳಕೆಯಾಗುವ ಕ್ರಿಯಾಪದಗಳನ್ನು ಸದಸ್ಯರು ಗಮನಿಸಿದ್ದಾರೆಯೇ? ಕನ್ನಡದಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪಂದ್ಯಕ್ಕೆ ಮುಂಚೆ ಎಲ್ಲವೂ ‘ನಾವು’: ಹಿಂದೆ ಮೂವರನ್ನು ನಿಲ್ಲಿಸೋಣ, ಎಡಗಡೆಯಿಂದ ಆಡೋಣ, ನೋಡಿಯೇ ಬಿಡೋಣ. ಗೆದ್ದರೆ ‘ಗೆದ್ದೆವು’. ಸೋತರೆ? ‘ಸೋತರು’. ಒಂದು ರಾತ್ರಿಯಲ್ಲಿ ‘ಎವು’ ಹೋಗಿ ‘ಅರು’ ಬರುತ್ತದೆ. ಮುನ್ನಾದಿನ ತಂಡದ ಹನ್ನೆರಡನೆಯ ಆಟಗಾರನಾಗಿದ್ದವನು ಮಾರನೆಯ ದಿನ ನ್ಯಾಯಾಧೀಶನ ಕುರ್ಚಿಯಲ್ಲಿ ಕೂತಿರುತ್ತಾನೆ.

ಆಮೇಲೆ ಬಲಿಯ ಹುಡುಕಾಟ. 1970ರಲ್ಲಿ ಬಲಿಯಾದವರು ಗೋಲ್‌ಕೀಪರ್ ಪೀಟರ್ ಬೊನೆಟ್ಟಿ. ಗೋರ್ಡನ್ ಬ್ಯಾಂಕ್ಸ್ ಹೊಟ್ಟೆ ಕೆಟ್ಟು ಮಲಗಿದ್ದರಿಂದ ಆ ಪಂದ್ಯಕ್ಕೆ ನಿಂತವರು. ಮತ್ತೆಂದೂ ಇಂಗ್ಲೆಂಡಿನ ಪರವಾಗಿ ಆಡಲಿಲ್ಲ. ಮ್ಯಾನೇಜರ್ ಆಲ್ಫ್ ರ‍್ಯಾಮ್ಸೆ ಬಾಬಿ ಚಾರ್ಲ್ಟನ್‌ರನ್ನು ಹೊರಗೆ ಕರೆದದ್ದರಿಂದ ಬೆಕೆನ್‌ಬೌವರ್ ಕೈಕಾಲು ಬಿಚ್ಚಿ ಗೋಲು ಹೊಡೆದರೆಂದು ಇಂದಿಗೂ ಹೇಳುವವರಿದ್ದಾರೆ. ವಾಸ್ತವದಲ್ಲಿ ಬೆಕೆನ್‌ಬೌವರ್ ಗೋಲು ಹೊಡೆದಾಗ ಚಾರ್ಲ್ಟನ್ ಇನ್ನೂ ಮೈದಾನದಲ್ಲೇ ಇದ್ದರು. ಬಲಿ ಬೇಕೆಂದಾಗ ನೆನಪೂ ನಮ್ಮ ಅನುಕೂಲಕ್ಕೆ ತಕ್ಕಂತೆ ಬಾಗುತ್ತದೆ. 1996ರಲ್ಲಿ ಪೆನಾಲ್ಟಿ ತಪ್ಪಿಸಿದ ಒಬ್ಬ ಯುವಕ ವರ್ಷಗಟ್ಟಲೆ ಆ ಮಾತು ಕೇಳಿಸಿಕೊಂಡ. ಆ ಯುವಕನ ಹೆಸರು ಗ್ಯಾರೆತ್ ಸೌತ್‌ಗೇಟ್.

2021ರಲ್ಲಿ ಇದು ಇನ್ನೂ ಹೊಲಸಾಯಿತು. ಜರ್ಮನಿಯನ್ನು ಗೆದ್ದು ಹನ್ನೆರಡು ದಿನಕ್ಕೆ, ಜುಲೈ 11ರಂದು ಫೈನಲ್. ಇಟಲಿಯೊಡನೆ 1-1 ಆಗಿ ಪೆನಾಲ್ಟಿಗೆ ಹೋಯಿತು. ಮಾರ್ಕಸ್ ರ‍್ಯಾಷ್‌ಫರ್ಡ್ ಒದ್ದದ್ದು ಕಂಬಕ್ಕೆ ಬಡಿಯಿತು. ಜೇಡನ್ ಸ್ಯಾಂಚೋ, ಬುಕಾಯೋ ಸಾಕಾ ಒದ್ದದ್ದನ್ನು ಇಟಲಿಯ ಗೋಲ್‌ಕೀಪರ್ ಹಿಡಿದುಬಿಟ್ಟರು. ಇಟಲಿಯವರೂ ಎರಡು ತಪ್ಪಿಸಿದರೆಂಬುದು ಯಾರಿಗೆ ಬೇಕು? ಆ ರಾತ್ರಿಯೇ ಆ ಮೂವರು ಹುಡುಗರ ಮೇಲೆ ಅವರ ಬಣ್ಣ ಹಿಡಿದು ಬೈಗುಳದ ಮಳೆ ಸುರಿಯಿತು. ರ‍್ಯಾಷ್‌ಫರ್ಡ್ ಹುಟ್ಟಿದ್ದು ಮ್ಯಾಂಚೆಸ್ಟರಿನಲ್ಲಿ, ಉಳಿದಿಬ್ಬರು ಲಂಡನ್ನಿನಲ್ಲಿ. ಜೂನ್ 29ರ ಸಂಜೆ ‘ನಮ್ಮ ಹುಡುಗರು’ ಆಗಿದ್ದವರು ಜುಲೈ 11ರ ರಾತ್ರಿ ಕೆಲವರಿಗೆ ‘ಹೊರಗಿನವರು’ ಆದರು. ಇಲ್ಲಿ ಬದಲಾದದ್ದು ಕ್ರಿಯಾಪದದ ಪ್ರತ್ಯಯ ಮಾತ್ರವಲ್ಲ. ಆ ಹುಡುಗರ ಊರನ್ನೇ ಕಿತ್ತುಕೊಂಡಂತಾಯಿತು.

ಇದು ಇಂಗ್ಲೆಂಡಿನವರ ಜಗಳ, ನಮಗೇಕೆ ಎನ್ನುವ ಹಾಗಿಲ್ಲ. ನಮ್ಮ ಮನೆಯ ಮಕ್ಕಳು ಬಿಳಿ ಅಂಗಿ ತೊಟ್ಟು, ಮೂರು ಸಿಂಹದ ಗುರುತು ಎದೆಗೆ ಹಚ್ಚಿಕೊಂಡು, ‘ವೀ’ ಎಂದು ಹೇಳುವವರು. 1990ರಲ್ಲಿ ನಾರ್ಮನ್ ಟೆಬ್ಬಿಟ್ ಎಂಬ ರಾಜಕಾರಣಿ, ವಲಸೆ ಬಂದವರು ಕ್ರಿಕೆಟ್ಟಿನಲ್ಲಿ ಯಾವ ತಂಡಕ್ಕೆ ಜೈ ಎನ್ನುತ್ತಾರೆಂದು ನೋಡಬೇಕು ಎಂದಿದ್ದರು. ನಮ್ಮ ಮಕ್ಕಳು ಆ ಪರೀಕ್ಷೆಯಲ್ಲಿ ತಾವಾಗಿಯೇ ಪಾಸಾದವರು, ಯಾರೂ ಕೇಳದೆಯೇ. ಆದರೆ ಸಾಕಾಗೆ ಬಿದ್ದ ಬೈಗುಳವನ್ನು ಓದಿದ ಮಗು ಮನೆಯಲ್ಲಿ ಕೇಳುವ ಪ್ರಶ್ನೆ ಬೇರೆ: ಗೆದ್ದರೆ ಮಾತ್ರ ನಾವು ಇಲ್ಲಿಯವರೇ? ಇದಕ್ಕೆ ತಂದೆತಾಯಿಗಳಾದ ನಾವು ಕೊಡಬಹುದಾದ ಉತ್ತರ ಒಂದೇ. ಬೇರೆಯವರು ಏನಾದರೂ ಅನ್ನಲಿ, ನೀನು ಮಾತ್ರ ಸೋತ ದಿನವೂ ‘ಸೋತೆವು’ ಎನ್ನು. ಯಾವ ಊರಿನವರೆಂಬುದು ಗೆದ್ದ ರಾತ್ರಿ ಗೊತ್ತಾಗುವುದಿಲ್ಲ. ಸೋತ ರಾತ್ರಿ ಯಾರು ಮೈದಾನ ಬಿಟ್ಟು ಓಡಲಿಲ್ಲವೆಂಬುದರಲ್ಲಿ ಗೊತ್ತಾಗುತ್ತದೆ. ಅಂದು ಸೌತ್‌ಗೇಟ್ ಹೇಳಿದ್ದೂ ಅದೇ ಅರ್ಥದ ಮಾತು: ಯಾರು ಒದೆಯಬೇಕೆಂದು ಆರಿಸಿದವನು ತಾನು, ಹೊಣೆ ತನ್ನದು. ಇಪ್ಪತ್ತೈದು ವರ್ಷ ಆ ಹೊರೆ ಹೊತ್ತವರಿಗೇ ಅದನ್ನು ಇನ್ನೊಬ್ಬರ ತಲೆಯಿಂದ ಇಳಿಸುವ ಮನಸ್ಸು ಬಂದೀತು.

ಪೆನಾಲ್ಟಿಯ ಮಾತು ಬಂದದ್ದರಿಂದ ಕನ್ನಡ ನಾಡಿನ ಒಂದು ನೆನಪನ್ನೂ ಇಲ್ಲಿ ಹೇಳಬೇಕು. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ, ಇಲ್‌ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. 70ನೇ ನಿಮಿಷದಲ್ಲಿ ಭಾರತಕ್ಕೆ ಸಮಬಲ ತಂದ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆದರೆ ಆ ದಿನ ಭಾರತ ಸಿಕ್ಕಿದ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡಿತು. ಆಟದ ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಈ ಪಂದ್ಯವನ್ನು ನೆನೆಯುವಾಗ ನಮ್ಮ ಜನ ಆ ಎರಡು ಪೆನಾಲ್ಟಿಗಳಿಂದ ಶುರು ಮಾಡುವುದಿಲ್ಲ. ಬರಿಗಾಲಿನಿಂದ ಶುರು ಮಾಡುತ್ತಾರೆ. ರಾಮನ್ ಗೋಲು ನೆನೆಯುತ್ತಾರೆ. ಹಾಗೆ ನೆನೆಯುವುದೂ ಸಾಧ್ಯವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಹಾಗೆಂದು ವಾದ ನಿಲ್ಲಿಸಿ, ದೊಡ್ಡವರು ಮಾಡಿದ್ದೆಲ್ಲ ಸರಿ ಎಂದು ಸುಮ್ಮನಿರಿ ಎಂಬುದು ನಮ್ಮ ಸಲಹೆಯಲ್ಲ. ಮ್ಯಾನೇಜರ್ ತಪ್ಪು ಮಾಡಿದರೆ ತಪ್ಪೆಂದು ಹೇಳಲೇಬೇಕು. ಆದರೆ ಮುಂದಿನ ಸಲ ಸದಸ್ಯರ ಮನೆಗಳಲ್ಲಿ ಉಪ್ಪಿನಕಾಯಿ ಬಾಟಲಿ ಗೋಲಿನ ಮುಂದೆ ನಿಂತಾಗ ಮೂರು ಕಟ್ಟಳೆಗಳನ್ನು ಪಾಲಿಸಿ ನೋಡಲಿ ಎಂದು ನಮ್ಮ ವಿನಂತಿ.

ಒಂದು: ಮಾತು ಶುರುವಾಗುವುದು ಎದುರಾಳಿಯ ಬಲದಿಂದ. ಅವರಲ್ಲಿ ಚೆನ್ನಾಗಿ ಆಡುವವರ ಹೆಸರು ಹೇಳಲಾರದವರಿಗೆ ನಮ್ಮ ತಂಡ ಆರಿಸುವ ಹಕ್ಕಿಲ್ಲ. ಉತ್ತರಕುಮಾರ ತಪ್ಪಿದ್ದು ಇಲ್ಲೇ.

ಎರಡು: ‘ಇಂಥವರು ಆಡಲೇಬೇಕು’ ಎಂದವರು ಅವರ ಬದಲಿಗೆ ಹೊರಗೆ ಕೂರುವವರ ಹೆಸರನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಗ್ರೀಲಿಷ್ ಬೇಕೆನ್ನುವುದು ಸುಲಭ. ಸಾಕಾ ಬೇಡ ಎನ್ನುವಾಗಲೇ ನಾಲಿಗೆ ತಡವರಿಸುವುದು. ಹನ್ನೊಂದು ಜಾಗಕ್ಕೆ ಹನ್ನೆರಡು ಹೆಸರು ಹೇಳುವವರು ಅಭಿಮಾನಿಗಳಿರಬಹುದು, ವಾದಕ್ಕೆ ಬಾರದವರು.

ಮೂರು: ಮುನ್ನಾದಿನ ‘ಆಡೋಣ’ ಎಂದವರು ಮಾರನೆಯ ದಿನ, ಏನೇ ಆಗಿರಲಿ, ಅದೇ ಪುರುಷದಲ್ಲಿ ಮಾತಾಡಬೇಕು.

ಇವು ಆಟಕ್ಕೆ ಮಾತ್ರವೇ ಎಂದು ಯಾರಾದರೂ ಕೇಳಿದರೆ ನಮ್ಮ ಸಂಘದ ಕಡೆಗೇ ಬೆರಳು ತೋರಿಸುತ್ತೇವೆ. ಯುಗಾದಿಯ ಕಾರ್ಯಕ್ರಮಕ್ಕೆ ತಿಂಗಳ ಮುಂಚೆ ಎಷ್ಟು ಸಲಹೆಗಳು! ಹಾಲ್ ಯಾವುದು, ಅಡಿಗೆ ಯಾರದು, ನಾಟಕ ಎಷ್ಟು ಹೊತ್ತು? ಎಲ್ಲವೂ ‘ಮಾಡೋಣ’. ಹೋಳಿಗೆ ಸಾಕಷ್ಟಿದ್ದು ಮೈಕು ಸರಿಯಾಗಿ ಕೇಳಿಸಿದರೆ ‘ಬಹಳ ಚೆನ್ನಾಗಿ ಮಾಡಿದೆವು’. ಸಾರು ಮುಗಿದು ಮೈಕು ಕೈಕೊಟ್ಟರೆ ‘ಕಮಿಟಿಯವರು ಕೆಡಿಸಿದರು’. ಕಮಿಟಿಯವರೂ ಪೆನಾಲ್ಟಿ ಒದೆಯಲು ಮುಂದೆ ಬಂದವರೇ ತಾನೇ? ಮುಂದೆ ಬರದವರಿಗೆ ತಪ್ಪಿಸುವ ಭಯವೂ ಇಲ್ಲ.

2024ರ ಜುಲೈ 6ರಂದು ಜರ್ಮನಿಯ ಡ್ಯೂಸೆಲ್ಡಾರ್ಫ್‌ನಲ್ಲಿ ಸ್ವಿಟ್ಸರ್ಲೆಂಡಿನ ಎದುರು ಇಂಗ್ಲೆಂಡ್ ಮತ್ತೆ ಪೆನಾಲ್ಟಿಗೆ ಹೋದಾಗ ಸಾಕಾ ಮತ್ತೆ ಮುಂದೆ ಬಂದರು. ಪಂದ್ಯವನ್ನು ಸಮ ಮಾಡಿದ ಗೋಲೂ ಅವರದೇ ಆಗಿತ್ತು. ಈ ಸಲ ಚೆಂಡು ಒಳಗೆ ಹೋಯಿತು. ಇಂಗ್ಲೆಂಡಿನ ಐವರೂ ಗೋಲು ಹೊಡೆದರು. ಅಂದು ‘ಗೆದ್ದೆವು’ ಎಂದವರಲ್ಲಿ ಮೂರು ವರ್ಷದ ಹಿಂದೆ ‘ಸೋತೆವು’ ಎಂದಿದ್ದವರಿಗೆ ಮಾತ್ರ ಆ ಮಾತಿನ ಪೂರ್ತಿ ಸವಿ ಸಿಕ್ಕಿತು.

2025ರ ಜನವರಿಯಲ್ಲಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಪಟ್ಟಕ್ಕೆ ಬಂದವರು ಥಾಮಸ್ ಟೂಹೆಲ್, ಜರ್ಮನಿಯವರು. ಅಂದಮೇಲೆ ಯಾರು ನಮ್ಮವರು, ಯಾರು ಅವರು ಎಂಬ ಲೆಕ್ಕವನ್ನು ಹುಟ್ಟಿದ ಊರು ನೋಡಿ ಹಾಕುವುದು ಇಂಗ್ಲೆಂಡಿಗೇ ಸಾಧ್ಯವಾಗಲಿಲ್ಲ. ಒಟ್ಟಿಗೆ ಯೋಚಿಸಿ, ಒಟ್ಟಿಗೆ ಆಡಿ, ಒಟ್ಟಿಗೆ ಸೋಲಬಲ್ಲವರೇ ನಮ್ಮವರು. ಈ ವಿಷಯದಲ್ಲಿ ನಮ್ಮೊಡನೆ ಒಪ್ಪದ ಸದಸ್ಯರು ಮುಂದಿನ ಸಂಚಿಕೆಗೆ ಬರೆಯಲಿ. ಹಿಂದಿನ ಸಾಲಿನಲ್ಲಿ ಮೂವರೋ ನಾಲ್ವರೋ ಎಂಬುದನ್ನೂ ಮರೆಯದೆ ತಿಳಿಸಲಿ.